ಮೈಸೂರಿನಲ್ಲಿ ನೀರು ನೂರಕ್ಕೆ ಕುದಿಯುವುದಿಲ್ಲ

ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ ಎಂದು ಮೈಸೂರಿನ ಯಾವ ಶಾಲೆಯಲ್ಲಿ ಕೇಳಿದರೂ ಮಕ್ಕಳು ಒಕ್ಕೊರಲಿನಿಂದ 100 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಅದೇ ಶಾಲೆಯ ಪ್ರಯೋಗಾಲಯದಲ್ಲಿ ಬೀಕರಿನ ನೀರಿಗೆ ಥರ್ಮಾಮೀಟರ್ ಇಳಿಬಿಟ್ಟು ಕಾಯಿಸಿದರೆ ಪಾದರಸ 97 ದಾಟಿ, 98 ಮುಟ್ಟುವ ಮೊದಲೇ ನಿಂತುಬಿಡುತ್ತದೆ. ಉರಿ ಎಷ್ಟು ಏರಿಸಿದರೂ ನೀರು ಕೊತಕೊತ ಕುದಿಯುತ್ತದೆಯೇ ಹೊರತು ಪಾದರಸ ಮೇಲಕ್ಕೆ ಹೋಗುವುದಿಲ್ಲ. ಆಗ ಹುಡುಗರು ರೆಕಾರ್ಡ್ ಪುಸ್ತಕದಲ್ಲಿ 100 ಎಂದೇ ಬರೆಯುತ್ತಾರೆ, ಥರ್ಮಾಮೀಟರ್ ಕೆಟ್ಟಿದೆ ಎಂದುಕೊಳ್ಳುತ್ತಾರೆ. ಥರ್ಮಾಮೀಟರ್ ಸರಿಯಾಗಿಯೇ ಇದೆ. 100 ಎಂಬ ಸಂಖ್ಯೆಯ ಹಿಂದಿರುವ ಷರತ್ತನ್ನು ಮಾತ್ರ ನಾವು ಅವರಿಗೆ ಹೇಳಿರುವುದಿಲ್ಲ.

ಆ ಷರತ್ತು ಗಾಳಿಯ ಒತ್ತಡ. ಸಮುದ್ರ ಮಟ್ಟದಲ್ಲಿ ವಾತಾವರಣದ ಒತ್ತಡ ಸುಮಾರು 101.3 ಕಿಲೋಪ್ಯಾಸ್ಕಲ್. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಮೇಲಿದೆ. ಅಷ್ಟು ಗಾಳಿ ನಮ್ಮ ಕೆಳಗೇ ಉಳಿದುಬಿಡುವುದರಿಂದ ಇಲ್ಲಿನ ಒತ್ತಡ 92.5 ಕಿಲೋಪ್ಯಾಸ್ಕಲ್ ಆಸುಪಾಸು. ದ್ರವದ ಆವಿಯೊತ್ತಡ ಹೊರಗಿನ ಒತ್ತಡಕ್ಕೆ ಸಮನಾದ ಕ್ಷಣ ಕುದಿತ ಶುರು. ಹೊರಗಿನ ಒತ್ತಡ ಕಡಿಮೆಯಿದ್ದರೆ ಆ ಕ್ಷಣ ಬೇಗ ಬರುತ್ತದೆ, ಮೈಸೂರಿನಲ್ಲಿ ಸುಮಾರು 97.4 ಡಿಗ್ರಿಗೆ. ಪ್ರತಿ 300 ಮೀಟರ್ ಏರಿಗೆ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಕೆ ಎಂದು ನೆನಪಿಟ್ಟುಕೊಂಡರೆ ಸಾಕು. ಸಾವಿರ ಮೀಟರಿಗೂ ಎತ್ತರದ ಚಾಮುಂಡಿ ಬೆಟ್ಟದ ಮೇಲೆ ನೀರು 96.5ರ ಸುಮಾರಿಗೇ ಕುದಿಯುತ್ತದೆ, ಮಂಗಳೂರಿನ ಕಡಲ ದಂಡೆಯಲ್ಲಿ ಪುಸ್ತಕದಲ್ಲಿ ಬರೆದಂತೆ 100ಕ್ಕೆ.

ಮನೆಯಲ್ಲೋ ಶಾಲೆಯಲ್ಲೋ ಇರುವ ಥರ್ಮಾಮೀಟರನ್ನು ಪರೀಕ್ಷಿಸುವ ಕ್ರಮವೂ ಇದರಿಂದಲೇ ಸಿಗುತ್ತದೆ. ಪುಡಿ ಮಾಡಿದ ಮಂಜುಗಡ್ಡೆಗೆ ಸ್ವಲ್ಪ ನೀರು ಸೇರಿಸಿ, ಕಲಕಿ, ಅದರಲ್ಲಿ ಇಟ್ಟರೆ 0 ತೋರಿಸಬೇಕು. ಈ ಬಿಂದು ಎತ್ತರಕ್ಕೆ ಜಗ್ಗುವುದಿಲ್ಲ. ಆಮೇಲೆ ಕುದಿಯುವ ನೀರಿನಲ್ಲಿ, ಪಾತ್ರೆಯ ತಳಕ್ಕೆ ತಾಗದಂತೆ ಹಿಡಿದಾಗ 97.4ರ ಹತ್ತಿರ ತೋರಿಸಬೇಕು. ಮೈಸೂರಿನಲ್ಲಿ ಸರಿಯಾಗಿ 100 ತೋರಿಸುವ ಥರ್ಮಾಮೀಟರ್ ಇದ್ದರೆ ಅನುಮಾನಪಡಬೇಕಾದ್ದು ಅದರ ಮೇಲೆ. ಜ್ವರ ನೋಡುವ ಥರ್ಮಾಮೀಟರನ್ನು ಮಾತ್ರ ಕುದಿನೀರಿಗೆ ಹಾಕಬೇಡಿ, ಒಡೆದುಹೋಗುತ್ತದೆ.

ಪ್ರಮಾಣಿತ ಸ್ಥಿತಿ ಒಂದಲ್ಲ, ಹಲವು

ರಸಾಯನಶಾಸ್ತ್ರದ ಯಾವುದೇ ಅಂಕಿ ತಾಪ ಮತ್ತು ಒತ್ತಡದ ಜೊತೆಗೇ ಬರಬೇಕು. ಬೇರೆ ಬೇರೆ ಊರಿನಲ್ಲಿ, ಬೇರೆ ಬೇರೆ ಋತುವಿನಲ್ಲಿ ಅಳೆದವರು ಪರಸ್ಪರ ಹೋಲಿಸಿಕೊಳ್ಳಲು ಒಂದು ಗೊತ್ತಾದ ಸ್ಥಿತಿ ಬೇಕು ಎಂದೇ ಪ್ರಮಾಣಿತ ಸ್ಥಿತಿ ಹುಟ್ಟಿದ್ದು. ಆದರೆ ಹೆಸರು ಒಂದೇ ಇದ್ದರೂ ಸ್ಥಿತಿ ಒಂದೇ ಅಲ್ಲ. ಪಿಯುಸಿ ಮಕ್ಕಳು ತಡವರಿಸುವುದು ಬಹುಪಾಲು ಇಲ್ಲಿಯೇ.

ಹಳೆಯ ಪುಸ್ತಕಗಳ ಎಸ್‌ಟಿಪಿ ಎಂದರೆ 0 ಡಿಗ್ರಿ ಮತ್ತು 1 ಅಟ್ಮಾಸ್ಫಿಯರ್. ಆ ಸ್ಥಿತಿಯಲ್ಲಿ ಒಂದು ಮೋಲ್ ಅನಿಲದ ಗಾತ್ರ 22.4 ಲೀಟರ್. 1982ರಲ್ಲಿ ಅಂತರರಾಷ್ಟ್ರೀಯ ರಸಾಯನಶಾಸ್ತ್ರ ಒಕ್ಕೂಟ ಒತ್ತಡವನ್ನು 1 ಬಾರ್, ಅಂದರೆ 100 ಕಿಲೋಪ್ಯಾಸ್ಕಲ್ ಎಂದು ಬದಲಿಸಿತು. ಆಗ ಅದೇ ಗಾತ್ರ 22.7 ಲೀಟರ್ ಆಯಿತು. ಅಪ್ಪನ ಪುಸ್ತಕದಲ್ಲಿ 22.4, ಮಗಳ ಪುಸ್ತಕದಲ್ಲಿ 22.7 ಇದ್ದರೆ ಯಾವುದೂ ಅಚ್ಚಿನ ತಪ್ಪಲ್ಲ. ಶಕ್ತಿಯ ಕೋಷ್ಟಕಗಳಲ್ಲಿ ಬರುವ ಪ್ರಮಾಣಿತ ಸ್ಥಿತಿಯೇ ಬೇರೆ. ಅಲ್ಲಿ ಒತ್ತಡ 1 ಬಾರ್, ತಾಪ ವಾಡಿಕೆಯಂತೆ 25 ಡಿಗ್ರಿ, ಅಂದರೆ 298.15 ಕೆಲ್ವಿನ್. ಲೆಕ್ಕ ಶುರು ಮಾಡುವ ಮುನ್ನ ಪ್ರಶ್ನೆ ಯಾವುದನ್ನು ಕೇಳುತ್ತಿದೆ ಎಂದು ನೋಡಿಕೊಳ್ಳುವುದು ಕಡ್ಡಾಯ.

ಇನ್ನು ನಮ್ಮಂಥ ಬಿಸಿನಾಡುಗಳು ಪ್ರಮಾಣಿತ ತಾಪವಾಗಿ ಬಳಸುವ ಒಂದು ಸಂಖ್ಯೆ ಇದೆ: 27 ಡಿಗ್ರಿ. ಯುರೋಪಿನವರ ಪ್ರಯೋಗಾಲಯಕ್ಕೆ 20 ಡಿಗ್ರಿ ಸಹಜ, ನಮಗೆ ಅಲ್ಲ. ಕಾಲೇಜಿನ ಪ್ರಯೋಗಾಲಯದ ವಾಲ್ಯೂಮೆಟ್ರಿಕ್ ಫ್ಲಾಸ್ಕನ್ನು ಬೆಳಕಿಗೆ ಹಿಡಿದು ನೋಡಿ. ಗಾತ್ರದ ಪಕ್ಕದಲ್ಲೇ 27 ಡಿಗ್ರಿ ಅಥವಾ 20 ಡಿಗ್ರಿ ಎಂದು ಬರೆದಿರುತ್ತದೆ, ಆ ಗುರುತು ಆ ತಾಪಕ್ಕೆ ಮಾತ್ರ ಸರಿ. 20 ಡಿಗ್ರಿಯ ಒಂದು ಲೀಟರ್ ನೀರು 27 ಡಿಗ್ರಿಗೆ ಬಂದಾಗ ಸುಮಾರು 1.7 ಮಿಲಿಲೀಟರ್ ಹಿಗ್ಗಿರುತ್ತದೆ. ಕಾಯಿಸಿ ಕರಗಿಸಿದ ದ್ರಾವಣವನ್ನು ಬಿಸಿಯಿರುವಾಗಲೇ ಗುರುತಿನವರೆಗೆ ತುಂಬಿಸುವವರ ಟೈಟ್ರೇಷನ್ ಏಕೆ ಸರಿಹೋಗುವುದಿಲ್ಲ ಎಂಬುದಕ್ಕೆ ಉತ್ತರ ಅಲ್ಲಿದೆ. ನಮ್ಮಲ್ಲಿ ಸಿಮೆಂಟು ಮತ್ತು ಕಾಂಕ್ರೀಟಿನ ಬಲ ಪರೀಕ್ಷಿಸುವಾಗಲೂ ಮಾದರಿಗಳನ್ನು 27 ಡಿಗ್ರಿಯ ನೀರಿನಲ್ಲೇ ಹದ ಮಾಡುತ್ತಾರೆ. ಇನ್ವರ್ಟರ್ ಬ್ಯಾಟರಿಯ ಮೇಲಿನ ಆಂಪಿಯರ್-ಅವರ್ ಸಂಖ್ಯೆಯ ಹತ್ತಿರ ಕಾಣುವ 27ಕ್ಕೂ ಇದೇ ಅರ್ಥ. ಬಿಸಿಲು ಬೀಳುವ ಸಜ್ಜೆಯ ಮೇಲಿಟ್ಟ ಬ್ಯಾಟರಿಯ ಆಯುಸ್ಸು, ನೆರಳಿನ ಮೂಲೆಯಲ್ಲಿಟ್ಟ ಅದೇ ಬ್ಯಾಟರಿಯ ಆಯುಸ್ಸಿಗಿಂತ ಬಹಳ ಕಡಿಮೆ, ಏಕೆಂದರೆ ಒಳಗಿನ ತುಕ್ಕು ಹಿಡಿಯುವ ಕ್ರಿಯೆಯೂ ಬಿಸಿಗೆ ಚುರುಕಾಗುತ್ತದೆ.

ಪಿಎಚ್ 7 ಎಂದರೆ ತಟಸ್ಥ ಎನ್ನುವುದೂ 25 ಡಿಗ್ರಿಯ ಮಾತು. 60 ಡಿಗ್ರಿಯಲ್ಲಿ ಶುದ್ಧ ನೀರಿನ ಪಿಎಚ್ ಸುಮಾರು 6.5 ಇರುತ್ತದೆ. ಹಾಗೆಂದು ಆ ನೀರು ಹುಳಿಯಾಗಿಲ್ಲ, ತಟಸ್ಥತೆಯ ಗಡಿಯೇ ಸರಿದಿದೆ, ಅಷ್ಟೆ. ಪಿಎಚ್ ಮೀಟರ್ ಹೊಂದಿಸುವ ಬಫರ್ ದ್ರಾವಣದ ಬಾಟಲಿಯ ಹಿಂದೆ ತಾಪಕ್ಕೆ ತಕ್ಕ ಪಿಎಚ್ ಪಟ್ಟಿ ಇದ್ದರೆ ಅದನ್ನು ಓದಿಯೇ ಮೀಟರ್ ಹೊಂದಿಸಬೇಕು.

ಹತ್ತು ಡಿಗ್ರಿಗೆ ಎರಡರಷ್ಟು

ತಾಪ ಏರಿದರೆ ಕ್ರಿಯೆ ಚುರುಕಾಗುತ್ತದೆ ಎಂಬುದು ಅಡುಗೆ ಮಾಡುವ ಎಲ್ಲರಿಗೂ ಗೊತ್ತು. ಎಷ್ಟು ಚುರುಕಾಗುತ್ತದೆ ಎಂಬ ಲೆಕ್ಕವನ್ನು 1889ರಲ್ಲಿ ಕೊಟ್ಟವರು ಸ್ವೀಡನ್ನಿನ ಸ್ವಾಂಟೆ ಅರೇನಿಯಸ್. ಅಣುಗಳು ಡಿಕ್ಕಿ ಹೊಡೆದ ಮಾತ್ರಕ್ಕೆ ಕ್ರಿಯೆ ನಡೆಯುವುದಿಲ್ಲ. ಪ್ರತಿ ಕ್ರಿಯೆಗೂ ಒಂದು ಹೊಸ್ತಿಲಿದೆ, ಅಷ್ಟು ಶಕ್ತಿಯಿರುವ ಅಣುಗಳಷ್ಟೇ ಅದನ್ನು ದಾಟುತ್ತವೆ. 27 ಡಿಗ್ರಿಯಿಂದ 37ಕ್ಕೆ ಏರಿಸಿದರೆ, ಕೆಲ್ವಿನ್ ಲೆಕ್ಕದಲ್ಲಿ 300ರಿಂದ 310ಕ್ಕೆ, ಅಣುಗಳ ಸರಾಸರಿ ಶಕ್ತಿ ಹೆಚ್ಚುವುದು ಶೇ 3ರಷ್ಟು ಮಾತ್ರ. ಆದರೆ ಹೊಸ್ತಿಲು ದಾಟಬಲ್ಲ ಅಣುಗಳ ಸಂಖ್ಯೆ ಅನೇಕ ಕ್ರಿಯೆಗಳಲ್ಲಿ ಹತ್ತಿರಹತ್ತಿರ ಎರಡರಷ್ಟಾಗುತ್ತದೆ. ಹತ್ತು ಡಿಗ್ರಿಗೆ ವೇಗ ಇಮ್ಮಡಿ ಎಂಬ ಅಂದಾಜಿನ ಸೂತ್ರ ಬಂದದ್ದು ಇದರಿಂದ. ಎಲ್ಲ ಕ್ರಿಯೆಗಳಿಗೂ ಇದು ಹೊಂದುವುದಿಲ್ಲವಾದರೂ ಮನೆಯ ಕೆಲಸಕ್ಕೆ ಒಳ್ಳೆಯ ಕೈಪಿಡಿ.

ಈ ಸೂತ್ರವನ್ನು ಮೈಸೂರಿನ ಒಲೆಯ ಮೇಲಿಟ್ಟು ನೋಡೋಣ. ತೆರೆದ ಪಾತ್ರೆಯಲ್ಲಿ ಇಲ್ಲಿ 97.4 ಡಿಗ್ರಿಗಿಂತ ಬಿಸಿಯಾಗಿ ಏನನ್ನೂ ಬೇಯಿಸಲಾಗದು. ಕಡಲ ತೀರಕ್ಕಿಂತ 2.6 ಡಿಗ್ರಿ ಕಡಿಮೆ. ಅಲ್ಲಿ 20 ನಿಮಿಷ ಹಿಡಿಯುವ ಬೇಯುವಿಕೆ ಇಲ್ಲಿ 24 ನಿಮಿಷ ಹಿಡಿಯುತ್ತದೆ. ಕುಕ್ಕರಿನ ತೂಕ ಹೊರಗಿನ ಒತ್ತಡದ ಮೇಲೆ ಸುಮಾರು 100 ಕಿಲೋಪ್ಯಾಸ್ಕಲ್ ಸೇರಿಸುವುದರಿಂದ ಒಳಗೆ ನೀರು 119 ಡಿಗ್ರಿಯವರೆಗೂ ಬಿಸಿಯಾಗುತ್ತದೆ. ತೊಗರಿಬೇಳೆ ಅದರಲ್ಲಿ ನಾಲ್ಕೈದು ಪಟ್ಟು ಬೇಗ ಬೇಯಲು ಈ 20 ಚಿಲ್ಲರೆ ಡಿಗ್ರಿಯೇ ಕಾರಣ. ಇದರಿಂದ ಗ್ಯಾಸ್ ಉಳಿಸುವ ದಾರಿಯೂ ತಿಳಿಯುತ್ತದೆ. ಕುದಿ ಬಂದ ಮೇಲೆ, ಅಥವಾ ಕುಕ್ಕರ್ ಒಮ್ಮೆ ಕೂಗಿದ ಮೇಲೆ, ಉರಿ ದೊಡ್ಡದಾಗಿಟ್ಟರೂ ಒಳಗಿನ ತಾಪ ಏರುವುದಿಲ್ಲ, ನೀರು ಆವಿಯಾಗಿ ಹೋಗುತ್ತದೆ ಅಷ್ಟೆ. ಕುದಿ ನಿಲ್ಲದಷ್ಟು ಸಣ್ಣ ಉರಿ ಸಾಕು.

ದೋಸೆ ಹಿಟ್ಟಿನ ವಿಷಯದಲ್ಲಿ ಸೂತ್ರಕ್ಕೊಂದು ಮಿತಿ ಇದೆ. ಡಿಸೆಂಬರ್-ಜನವರಿಯಲ್ಲಿ ಮೈಸೂರಿನ ರಾತ್ರಿ 16-17 ಡಿಗ್ರಿಗೆ ಇಳಿಯುತ್ತದೆ, ಏಪ್ರಿಲ್ ಹಗಲು 34-35ರ ಮೇಲೆ. ಬೇಸಿಗೆಯಲ್ಲಿ ಒಂದೇ ರಾತ್ರಿಗೆ ಉಕ್ಕಿ ಪಾತ್ರೆಯಿಂದ ಚೆಲ್ಲುವ ಹಿಟ್ಟು ಚಳಿಗಾಲದಲ್ಲಿ ಮಾರನೆಯ ಮಧ್ಯಾಹ್ನವಾದರೂ ಏಳುವುದಿಲ್ಲ. ಇಲ್ಲಿ ಕೆಲಸ ಮಾಡುವುದು ಜೀವಿಗಳು ಮತ್ತು ಅವುಗಳ ಕಿಣ್ವಗಳು. 30ರಿಂದ 35 ಡಿಗ್ರಿಯವರೆಗೆ ಅವು ಚುರುಕಾಗುತ್ತಾ ಹೋಗುತ್ತವೆ, 50 ಸಮೀಪಿಸಿದರೆ ನಿಸ್ತೇಜವಾಗುತ್ತವೆ. ಆದ್ದರಿಂದ ಚಳಿಗಾಲದಲ್ಲಿ ಹಿಟ್ಟನ್ನು ರುಬ್ಬುವಾಗ ಉಗುರು ಬೆಚ್ಚಗಿನ ನೀರು ಬಳಸಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ, ಆರಿದ ಓವನ್ನಿನೊಳಗೆ ಲೈಟು ಹಚ್ಚಿಡಿ. ಬಿಸಿ ಒಲೆಯ ಪಕ್ಕಕ್ಕೆ ತಳ್ಳಬೇಡಿ. ಹೆಪ್ಪು ಹಾಕುವ ಹಾಲಿಗೆ 40-45 ಡಿಗ್ರಿ ಹಿತ. ಬೆರಳು ಅದ್ದಿ ನೋಡುವ ಹಿರಿಯರ ಅಂದಾಜು ಸರಿಯಾಗಿ ಅಲ್ಲಿಗೇ ಬಂದು ನಿಲ್ಲುತ್ತದೆ.

ಮೈಸೂರುಪಾಕಿನ ನಡುವಿನ ಕೆಂಪು

ತಾಪವನ್ನು ಕಣ್ಣಿಂದ ನೋಡಬೇಕೆಂದರೆ ಈ ಊರಿನ ಹೆಸರು ಹೊತ್ತ ಸಿಹಿಗಿಂತ ಒಳ್ಳೆಯ ಸಾಧನವಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ್ ಅವರ ಅರಮನೆಯ ಅಡುಗೆಮನೆಯಲ್ಲಿ ಕಾಕಾಸುರ ಮಾದಪ್ಪನವರು ಇದನ್ನು ಮೊದಲು ಮಾಡಿದರು ಎಂಬುದು ಊರಿನಲ್ಲಿ ಎಲ್ಲರೂ ಹೇಳುವ ಮಾತು. ಸಕ್ಕರೆ, ನೀರು, ಕಡಲೆಹಿಟ್ಟು, ತುಪ್ಪ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ವ್ಯತ್ಯಾಸವೆಲ್ಲ ಯಾವುದನ್ನು ಎಷ್ಟು ಬಿಸಿಯಲ್ಲಿ ಸೇರಿಸಿದಿರಿ ಎಂಬುದರಲ್ಲಿ.

ಮೊದಲ ಹೆಜ್ಜೆ ಪಾಕ. ಸಕ್ಕರೆ ಕರಗಿದ ನೀರು ಬರಿಯ ನೀರಿಗಿಂತ ಹೆಚ್ಚು ತಾಪದಲ್ಲಿ ಕುದಿಯುತ್ತದೆ. ನೀರು ಆವಿಯಾಗಿ ಪಾಕ ಗಟ್ಟಿಯಾದಂತೆ ಕುದಿಬಿಂದು ಇನ್ನೂ ಏರುತ್ತದೆ. ವಿದೇಶಿ ಪಾಕಪುಸ್ತಕಗಳು ಇದನ್ನೇ ಹಿಡಿದು ಪಾಕವನ್ನು 110 ಡಿಗ್ರಿಗೆ ತನ್ನಿ, 115 ಡಿಗ್ರಿಗೆ ತನ್ನಿ ಎಂದು ಬರೆಯುತ್ತವೆ. ಅವು ಸಮುದ್ರ ಮಟ್ಟದ ಅಂಕಿಗಳು. ಅಲ್ಲಿ 110ಕ್ಕೆ ಬರುವ ಹದ ಮೈಸೂರಿನಲ್ಲಿ 107.4ರ ಸುಮಾರಿಗೇ ಬಂದಿರುತ್ತದೆ. ಥರ್ಮಾಮೀಟರ್ ನಂಬಿ 110ರವರೆಗೆ ಕಾದರೆ ಪಾಕ ಏರಿ, ಸಿಹಿ ಕಲ್ಲಾಗುತ್ತದೆ. ಮಿಠಾಯಿ ಥರ್ಮಾಮೀಟರ್ ಬಳಸುವವರು ಮೈಸೂರು ಭಾಗದಲ್ಲಿ ಪುಸ್ತಕದ ಅಂಕಿಯಿಂದ ಎರಡೂವರೆ ಡಿಗ್ರಿ ಕಳೆಯಬೇಕು. ನಮ್ಮವರ ಒಂದೆಳೆ ಪಾಕದ ಪರೀಕ್ಷೆಗೆ ಈ ತೊಂದರೆಯೇ ಇಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಪಾಕ ಎಳೆ ಬಿಡುವುದು ಅದರಲ್ಲಿ ಸಕ್ಕರೆ ಎಷ್ಟಿದೆ, ನೀರು ಎಷ್ಟಿದೆ ಎಂಬುದರ ಮೇಲೆ. ಊರಿನ ಎತ್ತರ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ. ಮಡಿಕೇರಿಯಲ್ಲೂ ಮಂಗಳೂರಿನಲ್ಲೂ ಒಂದೆಳೆ ಒಂದೆಳೆಯೇ. ತಾಪಕ್ಕಿಂತ ನೇರವಾಗಿ ಸಾಂದ್ರತೆಯನ್ನೇ ಅಳೆಯುವ ಈ ಪರೀಕ್ಷೆಯನ್ನು ನಾನು ತುಂಬ ಗೌರವದಿಂದ ನೋಡುತ್ತೇನೆ.

ಎರಡನೆಯ ಹೆಜ್ಜೆ ತುಪ್ಪ. ಪಾಕಕ್ಕೆ ಕಡಲೆಹಿಟ್ಟು ಬೆರೆಸಿದಾಗ ಅದರಲ್ಲಿ ಇನ್ನೂ ನೀರಿದೆ, ನೀರಿರುವವರೆಗೆ ಬಾಣಲೆಯ ಮಿಶ್ರಣ ಹೆಚ್ಚು ಬಿಸಿಯಾಗದು. ಹಿಟ್ಟಿನ ಪ್ರೊಟೀನು ಮತ್ತು ಸಕ್ಕರೆಗಳು ಸೇರಿ ಕೆಂಬಣ್ಣ, ಹುರಿದ ಘಮ ಕೊಡುವ ಕ್ರಿಯೆಗೆ 140 ಡಿಗ್ರಿಯ ಆಸುಪಾಸಿನ ಬಿಸಿ ಬೇಕು. ಅದನ್ನು ತರುವುದು ಪಕ್ಕದ ಒಲೆಯಲ್ಲಿ ಕಾಯುತ್ತಿರುವ ತುಪ್ಪ. ಸೌಟಿನಿಂದ ಸುರಿದ ಕೂಡಲೇ ಚುಂಯ್ ಎನ್ನುತ್ತದಲ್ಲ, ಆ ಸದ್ದು ಉಳಿದ ನೀರು ಹಠಾತ್ತನೆ ಆವಿಯಾಗುವುದು. ಆವಿ ಹೊರಬಿದ್ದ ದಾರಿಗಳೇ ಕೊನೆಗೆ ಪಾಕಿನ ಸಣ್ಣ ಸಣ್ಣ ತೂತುಗಳಾಗಿ ಉಳಿಯುತ್ತವೆ. ಆರಿದ ತುಪ್ಪ ಹಾಕಿದರೆ ತೂತೂ ಇಲ್ಲ, ಘಮವೂ ಇಲ್ಲ.

ಮೂರನೆಯದು ತಟ್ಟೆ. ಆಳವಾದ ತಟ್ಟೆಗೆ ಸುರಿದು ಬಿಟ್ಟ ಗಟ್ಟಿ ಮೈಸೂರುಪಾಕನ್ನು ಕತ್ತರಿಸಿ ಅಡ್ಡ ಸೀಳು ನೋಡಿ. ಮೇಲೆ, ಕೆಳಗೆ ಹಳದಿ. ನಡುವೆ ಕೆಂಪುಗಂದಿನ ಪಟ್ಟಿ. ಹೊರ ಅಂಚುಗಳು ಬೇಗ ಆರಿ ಕ್ರಿಯೆ ನಿಂತಿದೆ. ನಡುಭಾಗ ಬಿಸಿ ಹಿಡಿದಿಟ್ಟುಕೊಂಡು, ಒಲೆಯಿಂದ ಇಳಿಸಿದ ಮೇಲೂ ಕೆಂಪಾಗುತ್ತಲೇ ಹೋಗಿದೆ. ಒಂದೇ ತಟ್ಟೆ, ಒಂದೇ ಮಿಶ್ರಣ, ತಾಪದ ಇತಿಹಾಸ ಮಾತ್ರ ಬೇರೆ ಬೇರೆ. ತೆಳುವಾದ ತಟ್ಟೆಗೆ ಸುರಿದವರಿಗೆ ಈ ಪಟ್ಟಿ ಸಿಗುವುದಿಲ್ಲ. ಶಾಲೆಯಲ್ಲಿ ಕ್ರಿಯಾವೇಗದ ಪಾಠ ಮಾಡುವ ಮೇಷ್ಟ್ರುಗಳು ಒಂದು ತುಂಡನ್ನು ತರಗತಿಗೆ ತಂದರೆ ಮಕ್ಕಳು ಆ ಪಾಠವನ್ನು ಮರೆಯುವುದಿಲ್ಲ.

ಬಾಟಲಿಗೆ ತುಂಬುವವರು ಇದನ್ನು ಓದಲೇಬೇಕು

2.6 ಡಿಗ್ರಿಯ ವ್ಯತ್ಯಾಸ ಅನ್ನಕ್ಕೆ ನಾಲ್ಕು ನಿಮಿಷದ ಮಾತು. ಆದರೆ ಒಂದು ಕಡೆ ಅದು ಜೀವದ ಮಾತಾಗುತ್ತದೆ. ಕ್ಲಾಸ್ಟ್ರಿಡಿಯಂ ಬಾಟುಲಿನಮ್ ಎಂಬ ಬ್ಯಾಕ್ಟೀರಿಯಾದ ಬೀಜಕಗಳು ಕುದಿನೀರಿಗೆ ಸುಲಭವಾಗಿ ಸಾಯುವುದಿಲ್ಲ. ಗಾಳಿಯಾಡದ ಬಾಟಲಿಯೊಳಗೆ ಅವು ಮೊಳೆತರೆ ಹುಟ್ಟುವ ವಿಷ ಅತಿ ಘೋರ. ಆಹಾರೋದ್ಯಮದ ಲೆಕ್ಕದಂತೆ ಇವನ್ನು ನಿವಾರಿಸಲು 121 ಡಿಗ್ರಿಯಲ್ಲಿ ಎರಡೂವರೆಯಿಂದ ಮೂರು ನಿಮಿಷ ಬೇಕು. ಬೀಜಕಗಳ ಸಾವು ಹತ್ತು ಡಿಗ್ರಿಗೆ ಎರಡು ಪಟ್ಟಲ್ಲ, ಹತ್ತು ಪಟ್ಟು ಬದಲಾಗುತ್ತದೆ. ಹಾಗೆ ಲೆಕ್ಕ ಹಾಕಿದರೆ 100 ಡಿಗ್ರಿಯಲ್ಲಿ ಐದೂವರೆ ಗಂಟೆ, ಮೈಸೂರಿನ 97.4ರಲ್ಲಿ ಹತ್ತಿರಹತ್ತಿರ ಹತ್ತು ಗಂಟೆ! ಯಾರೂ ಅಷ್ಟು ಹೊತ್ತು ಕುದಿಸುವುದಿಲ್ಲ.

ಆದ್ದರಿಂದ ಮಕ್ಕಳು ವಿದೇಶಕ್ಕೆ ಹೊರಟಾಗ ಸಾಂಬಾರು, ಪಲ್ಯ, ಬೇಯಿಸಿದ ಕಾಳುಗಳನ್ನು ಕುದಿಸಿ, ಬಾಟಲಿಗೆ ತುಂಬಿ, ಮುಚ್ಚಳ ಬಿಗಿದು ತಿಂಗಳುಗಟ್ಟಲೆ ಇಡಲೆಂದು ಕಳಿಸಬೇಡಿ. ಹುಣಸೆಯೋ ನಿಂಬೆಯೋ ಧಾರಾಳವಾಗಿರುವ ಉಪ್ಪಿನಕಾಯಿ, ಗೊಜ್ಜುಗಳ ಮಾತು ಬೇರೆ, ಪಿಎಚ್ 4.6ಕ್ಕಿಂತ ಕೆಳಗಿದ್ದರೆ ಈ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಚಟ್ನಿಪುಡಿಯಂಥ ಒಣ ಪದಾರ್ಥಗಳಿಗೂ ಭಯವಿಲ್ಲ. ಕುದಿಸಿದರೆ ಸಾಲದು ಎಂಬ ಕಾರಣಕ್ಕೇ ಕೈಗಾರಿಕೆಯಲ್ಲಿ ರಿಟಾರ್ಟ್ ಎಂಬ ಒತ್ತಡದ ಪಾತ್ರೆ ಬಳಸುತ್ತಾರೆ. ಮೈಸೂರಿನ ಸಿದ್ದಾರ್ಥನಗರದಲ್ಲಿರುವ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ, ಜನ ಡಿಎಫ್‌ಆರ್‌ಎಲ್ ಎನ್ನುವುದು, 1961ರಿಂದ ಸೈನಿಕರಿಗಾಗಿ ಕೆಡದ ಆಹಾರದ ಮೇಲೆ ಕೆಲಸ ಮಾಡುತ್ತಿದೆ. ತಣ್ಣಗಿನ ಗಡಿಯಲ್ಲಿ ಸೈನಿಕರು ಬಿಚ್ಚಿ ತಿನ್ನುವ ರಿಟಾರ್ಟ್ ಚೀಲಗಳ ಸುರಕ್ಷತೆ ಆ 121 ಡಿಗ್ರಿಯ ಸುತ್ತಲಿನ ಲೆಕ್ಕದ ಮೇಲೆಯೇ ನಿಂತಿದೆ.

ಗಂಧದೆಣ್ಣೆ ನೂರರೊಳಗೆ ಬರುವುದು ಹೇಗೆ

ಮಾನಂದವಾಡಿ ರಸ್ತೆಯ ಗಂಧದೆಣ್ಣೆ ಕಾರ್ಖಾನೆ ಮೈಸೂರಿನ ರಸಾಯನಶಾಸ್ತ್ರದ ಬಹು ಸೊಗಸಾದ ಪಾಠ. ಮೊದಲ ಮಹಾಯುದ್ಧಕ್ಕೆ ಮುಂಚೆ ನಮ್ಮ ಶ್ರೀಗಂಧದ ಕೊರಡುಗಳು ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದವು. ಯುದ್ಧ ಬಂದು ಆ ದಾರಿ ಮುಚ್ಚಿತು. ನಾಲ್ವಡಿಯವರ ಆಳ್ವಿಕೆ, ವಿಶ್ವೇಶ್ವರಯ್ಯನವರ ದಿವಾನಗಿರಿ. ಆಲ್ಫ್ರೆಡ್ ಚಾಟರ್‌ಟನ್ ಅವರ ಮುಂದಾಳತ್ವ, ಬೆಂಗಳೂರಿನ ವಿಜ್ಞಾನ ಸಂಸ್ಥೆಯ ಸಡ್‌ಬರೋ ಮತ್ತು ವಾಟ್ಸನ್ ಎಂಬ ವಿಜ್ಞಾನಿಗಳ ನೆರವು ಸೇರಿ 1916-17ರ ಹೊತ್ತಿಗೆ ಎಣ್ಣೆ ಇಲ್ಲೇ ಇಳಿಯತೊಡಗಿತು.

ಗಂಧದೆಣ್ಣೆಯ ಮುಖ್ಯ ಅಂಶ ಸ್ಯಾಂಟಲಾಲ್. ಅದರ ಕುದಿಬಿಂದು ಸುಮಾರು 300 ಡಿಗ್ರಿ. ನೇರ ಉರಿಯಿಂದ ಅಷ್ಟು ಬಿಸಿ ಮಾಡಹೊರಟರೆ ಪರಿಮಳವೇ ಸುಟ್ಟುಹೋಗುತ್ತದೆ. ಪುಡಿ ಮಾಡಿದ ಗಂಧದ ಮೂಲಕ ಹಬೆ ಹಾಯಿಸುವುದೇ ಉಪಾಯ. ನೀರು, ಎಣ್ಣೆ ಒಂದರಲ್ಲೊಂದು ಬೆರೆಯವು. ಹಾಗೆ ಬೆರೆಯದ ಎರಡು ದ್ರವಗಳು ಜೊತೆಗಿದ್ದಾಗ ಪ್ರತಿಯೊಂದೂ ತನ್ನ ಪಾಲಿನ ಆವಿಯೊತ್ತಡವನ್ನು ಪೂರ್ತಿಯಾಗಿ ಕೊಡುತ್ತದೆ. ಎರಡರ ಮೊತ್ತ ಹೊರಗಿನ ಒತ್ತಡವನ್ನು ಮುಟ್ಟಿದರೆ ಸಾಕು, ಎರಡೂ ಒಟ್ಟಿಗೆ ಕುದಿಯುತ್ತವೆ. ಆ ತಾಪ ಬರಿಯ ನೀರಿನ ಕುದಿಬಿಂದುವಿಗಿಂತಲೂ ಕೂದಲೆಳೆಯಷ್ಟು ಕಡಿಮೆ. 300 ಡಿಗ್ರಿಯ ವಸ್ತು 100ರೊಳಗೆ ಆವಿಯಾಗಿ, ತಂಪು ಕೊಳವೆಯಲ್ಲಿ ಹನಿಯಾಗಿ, ನೀರಿನ ಮೇಲೆ ತೇಲುತ್ತದೆ. ಆ ತಾಪದಲ್ಲಿ ಎಣ್ಣೆಯ ಆವಿಯೊತ್ತಡ ತೀರಾ ಕಡಿಮೆಯಾದ್ದರಿಂದ ರಾಶಿ ನೀರಿನೊಡನೆ ಇಷ್ಟಿಷ್ಟೇ ಎಣ್ಣೆ ಬರುತ್ತದೆ. ಬಟ್ಟಿ ಇಳಿಸಲು ದಿನಗಟ್ಟಲೆ ಹಿಡಿಯುವುದು ಆ ಕಾರಣಕ್ಕೆ. ಹೊತ್ತು ಹೆಚ್ಚು ಹಿಡಿದರೂ ಪರಿಮಳ ಉಳಿಯುತ್ತದೆ.

ಎಲ್ಲ ಕ್ರಿಯೆಗಳೂ ಬಿಸಿಗೆ ಕಾಯುವುದಿಲ್ಲ ಎಂಬುದಕ್ಕೂ ಈ ಊರಿನಲ್ಲೇ ಸಾಕ್ಷಿ ಇದೆ. 1937ರಲ್ಲಿ ನಾಲ್ವಡಿಯವರು ಸ್ಥಾಪಿಸಿದ, ಇಂದಿನ ಮೈಸೂರ್ ಪೇಂಟ್ಸ್ ಅಂಡ್ ವಾರ್ನಿಷ್ ಕಂಪನಿ 1962ರ ಚುನಾವಣೆಯಿಂದ ದೇಶಕ್ಕೆ ಅಳಿಸಲಾಗದ ಶಾಯಿ ಕೊಡುತ್ತಿದೆ. ಅದರಲ್ಲಿರುವ ಸಿಲ್ವರ್ ನೈಟ್ರೇಟ್ ಚರ್ಮದ ಮೇಲಿನ ಉಪ್ಪಿನೊಡನೆ ಸೇರಿ, ಬೆಳಕು ತಾಗಿದಂತೆ ಕಪ್ಪಾಗುತ್ತದೆ. ಅಲ್ಲಿ ಹೊಸ್ತಿಲು ದಾಟಲು ಬೇಕಾದ ಶಕ್ತಿ ಬೆಳಕಿನಿಂದ ಬರುತ್ತದೆ.

ಕೋಷ್ಟಕ ಬೇರೆ, ತಾರಸಿ ಬೇರೆ

25 ಡಿಗ್ರಿಯಲ್ಲಿ ನೀರು ಆವಿಯಾಗುವ ಕ್ರಿಯೆಯ ಪ್ರಮಾಣಿತ ಮುಕ್ತ ಶಕ್ತಿಯನ್ನು ಕೋಷ್ಟಕದಲ್ಲಿ ನೋಡಿದರೆ ಮೋಲಿಗೆ ಸುಮಾರು 8.6 ಕಿಲೋಜೂಲ್, ಅದೂ ಧನಾತ್ಮಕ. ಧನಾತ್ಮಕ ಎಂದರೆ ಕ್ರಿಯೆ ತಾನಾಗಿ ನಡೆಯದು ಎಂದು ಮಕ್ಕಳು ಉರುಹೊಡೆದಿರುತ್ತಾರೆ. ಹಾಗಿದ್ದರೆ ತಾರಸಿಯ ಮೇಲೆ ಒಣಹಾಕಿದ ಬಟ್ಟೆ ಒಣಗುವುದು ಹೇಗೆ? ಆ 8.6 ಹೇಳುವುದು 1 ಬಾರ್ ಒತ್ತಡದ ನೀರಾವಿಯ ಬಗ್ಗೆ. ತಾರಸಿಯ ಗಾಳಿಯಲ್ಲಿ ನೀರಾವಿ ಅದರ ನೂರನೇ ಒಂದೋ ಎರಡೋ ಭಾಗ. ಅಷ್ಟು ಒಣ ಗಾಳಿಗೆ ನೀರು ತಾನಾಗಿಯೇ ಹೋಗುತ್ತದೆ. ಆವಿಯ ಪಾಲು ಸುಮಾರು 0.03 ಬಾರ್ ಮುಟ್ಟಿದರೆ ನಿಲ್ಲುತ್ತದೆ; ಮಳೆಗಾಲದ ಬಟ್ಟೆಯ ಪಾಡು ಅದು. ಪ್ರಮಾಣಿತ ಅಂಕಿಯಿಂದ ನಿಜ ಸ್ಥಿತಿಗೆ ಬರಲು ಸಾಂದ್ರತೆಯ ಪದವನ್ನು ಸೇರಿಸಲೇಬೇಕು. ಸೂತ್ರದ ಕೊನೆಯ ಆ ಪದವನ್ನು ಬಿಟ್ಟು ತೀರ್ಪು ಕೊಡಬಾರದು.

ಇನ್ನೊಂದು ಗೊಂದಲವನ್ನೂ ಬಿಡಿಸಿಬಿಡುತ್ತೇನೆ. ತಾಪ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ: ಕ್ರಿಯೆ ಎಷ್ಟು ಬೇಗ ನಡೆಯುತ್ತದೆ ಎಂಬುದನ್ನೂ ಎಲ್ಲಿಯವರೆಗೆ ನಡೆದು ನಿಲ್ಲುತ್ತದೆ ಎಂಬುದನ್ನೂ ಅದೇ ನಿರ್ಧರಿಸುತ್ತದೆ. ಎರಡೂ ಒಂದೇ ದಿಕ್ಕಿಗೆ ಎಳೆಯಬೇಕೆಂದಿಲ್ಲ. ಮಂಗಳೂರಿನ ಪಣಂಬೂರಿನಂಥ ರಸಗೊಬ್ಬರ ಕಾರ್ಖಾನೆಗಳಲ್ಲಿ ಅಮೋನಿಯ ತಯಾರಿಸುವಾಗ ಈ ಜಗ್ಗಾಟ ಎದುರಾಗುತ್ತದೆ. ಅಮೋನಿಯ ಆಗುವ ಕ್ರಿಯೆ ಶಾಖ ಬಿಡುವಂಥದ್ದು. ತಣ್ಣಗಿದ್ದಷ್ಟೂ ಹೆಚ್ಚು ಅಮೋನಿಯ ಸಿಗಬೇಕು. ಆದರೆ ತಣ್ಣಗಿದ್ದರೆ ಕ್ರಿಯೆ ಜರುಗುವುದೇ ಇಲ್ಲ. ಕಬ್ಬಿಣದ ಕ್ರಿಯಾವರ್ಧಕ, ಭಾರಿ ಒತ್ತಡ, 400ರಿಂದ 500 ಡಿಗ್ರಿ ತಾಪ ಇಟ್ಟು ಎರಡರ ನಡುವೆ ರಾಜಿ ಮಾಡಿಕೊಳ್ಳುತ್ತಾರೆ.

ಪ್ರಯೋಗಾಲಯದಲ್ಲಿ ಮೈಸೂರಿನ ಲೆಕ್ಕ

ಕೈಯಾರೆ ಮಾಡಿ ನೋಡಬಹುದಾದದ್ದು ಮೆಗ್ನೀಷಿಯಂ ಪಟ್ಟಿಯ ಪ್ರಯೋಗ. 24.3 ಮಿಲಿಗ್ರಾಂ ಮೆಗ್ನೀಷಿಯಂ ಅನ್ನು ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲಕ್ಕೆ ಹಾಕಿ, ಬರುವ ಹೈಡ್ರೋಜನ್ನನ್ನು ನೀರಿನ ಮೇಲೆ ಅಳತೆಯ ಕೊಳವೆಯಲ್ಲಿ ಹಿಡಿದರೆ ಪುಸ್ತಕದ ಪ್ರಕಾರ ಎಸ್‌ಟಿಪಿಯಲ್ಲಿ 22.7 ಮಿಲಿಲೀಟರ್ ಬರಬೇಕು. ಮೈಸೂರಿನಲ್ಲಿ 27 ಡಿಗ್ರಿಯ ದಿನ ಕೊಳವೆ ತೋರಿಸುವುದು 28 ಮಿಲಿಲೀಟರ್. ವಿದ್ಯಾರ್ಥಿ ಗಾಬರಿಯಾಗುತ್ತಾಳೆ, ಕಾಲುಭಾಗದಷ್ಟು ತಪ್ಪು!

ತಪ್ಪು ಏನೂ ಇಲ್ಲ. ಹೊರಗಿನ ಒತ್ತಡ 92.5 ಕಿಲೋಪ್ಯಾಸ್ಕಲ್. ಕೊಳವೆಯಲ್ಲಿ ಹೈಡ್ರೋಜನ್ ಜೊತೆ ನೀರಾವಿಯೂ ಇದೆ; 27 ಡಿಗ್ರಿಯಲ್ಲಿ ಅದರ ಪಾಲು 3.6. ಕಳೆದರೆ ಹೈಡ್ರೋಜನ್ನಿನ ಒತ್ತಡ 88.9. ತಾಪ 300 ಕೆಲ್ವಿನ್. ಅನಿಲ ಸಮೀಕರಣಕ್ಕೆ ಇಷ್ಟು ಹಾಕಿದರೆ ಒಂದು ಮಿಲಿಮೋಲಿನ ಗಾತ್ರ 28.1 ಮಿಲಿಲೀಟರ್ ಎಂದೇ ಬರುತ್ತದೆ. ಕೊಳವೆಯ ಒಳಗಿನ, ಹೊರಗಿನ ನೀರಿನ ಮಟ್ಟ ಸಮ ಮಾಡಿಕೊಂಡೇ ಓದಬೇಕು. ಬೆಂಕಿ ಹತ್ತಿರ ಬಾರದಂತೆ, ಮೇಷ್ಟ್ರು ಜೊತೆಗಿದ್ದಾಗ ಮಾತ್ರ ಈ ಪ್ರಯೋಗ ಮಾಡಿ.

ಒತ್ತಡವನ್ನು ಎಲ್ಲಿಂದ ತರುವುದು ಎಂಬಲ್ಲಿ ಒಂದು ಬಲೆ ಇದೆ. ಫೋನಿನ ಹವಾಮಾನ ಆ್ಯಪ್ ಮೈಸೂರಿಗೆ 1010 ಹೆಕ್ಟೋಪ್ಯಾಸ್ಕಲ್ ಎಂದೇನಾದರೂ ತೋರಿಸುತ್ತದೆ. ಅದು ಸಮುದ್ರ ಮಟ್ಟಕ್ಕೆ ಹೊಂದಿಸಿ ಕೊಟ್ಟ ಅಂಕಿ, ಊರೂರನ್ನು ಹೋಲಿಸಲು ಅನುಕೂಲವಾಗಲೆಂದು. ನಿಮ್ಮ ಮೇಜಿನ ಮೇಲಿನ ಗಾಳಿಯ ಒತ್ತಡ ಅದಲ್ಲ. 1010 ಹಾಕಿದರೆ ಉತ್ತರ 25.6ಕ್ಕೆ ಇಳಿದು ಲೆಕ್ಕ ಕೆಡುತ್ತದೆ. ಬ್ಯಾರೋಮೀಟರ್ ಸಂವೇದಕವಿರುವ ಫೋನುಗಳು ನಿಜವಾದ ಸ್ಥಳೀಯ ಒತ್ತಡವನ್ನೇ, ಸುಮಾರು 925, ಓದುತ್ತವೆ. ಅದೂ ಇಲ್ಲದಿದ್ದರೆ ನೀರು ಕುದಿಸಿ, ಕುದಿಬಿಂದುವನ್ನು ಆವಿಯೊತ್ತಡದ ಕೋಷ್ಟಕದಲ್ಲಿ ಹುಡುಕಿ. ಹಿಂದೆ ಸರ್ವೆಯವರು ಬೆಟ್ಟಗಳ ಎತ್ತರವನ್ನು ಹೀಗೆಯೇ ಅಂದಾಜು ಮಾಡುತ್ತಿದ್ದರು. ರೆಕಾರ್ಡ್ ಪುಸ್ತಕದಲ್ಲಿ ದಿನಾಂಕದ ಕೆಳಗೆ ಆ ದಿನದ ತಾಪ, ಒತ್ತಡ ಎರಡನ್ನೂ ಬರೆಯುವ ರೂಢಿಯನ್ನು ಎಂಟನೇ ತರಗತಿಯಿಂದಲೇ ಹಾಕಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮಾತ್ರೆಯ ಪಟ್ಟಿಯ ಹಿಂಬದಿ

ಔಷಧಿಯ ಮೇಲಿನ ದಿನಾಂಕವೂ ಷರತ್ತಿನದೇ. 25 ಡಿಗ್ರಿಗಿಂತ ಕೆಳಗೆ ಇಡಿ, 30 ಡಿಗ್ರಿಗಿಂತ ಕೆಳಗೆ ಇಡಿ ಎಂಬ ಸಣ್ಣ ಅಕ್ಷರದ ಸಾಲನ್ನು ಪಾಲಿಸಿದರೆ ಮಾತ್ರ ಆ ದಿನಾಂಕಕ್ಕೆ ಬೆಲೆ. ಕಂಪನಿಗಳು ಔಷಧಿಯನ್ನು 40 ಡಿಗ್ರಿ, ಶೇ 75 ತೇವದಲ್ಲಿ ಆರು ತಿಂಗಳಿಟ್ಟು ಪರೀಕ್ಷಿಸುವುದು ಬಿಸಿ ಕಾಲವನ್ನು ಮುಂದೋಡಿಸುತ್ತದೆ ಎಂಬ ಇದೇ ಲೆಕ್ಕದ ಆಧಾರದ ಮೇಲೆ. ಏಪ್ರಿಲ್‌ನಲ್ಲಿ ಮೈಸೂರಿನ ಶೀಟು ಮಾಡಿನ ಮನೆಯಲ್ಲಿ ಮಧ್ಯಾಹ್ನ 30 ಡಿಗ್ರಿ ಸುಲಭವಾಗಿ ದಾಟುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ 50 ಮೀರುತ್ತದೆ. ಔಷಧಿಯಂಗಡಿಯಿಂದ ತಂದ ಪೊಟ್ಟಣವನ್ನು ಸ್ಕೂಟರಿನ ಡಿಕ್ಕಿಯಲ್ಲಿ ಬಿಟ್ಟು ಸಂತೆ ಮುಗಿಸಿ ಬರುವ ಅಭ್ಯಾಸ ಬಿಡಿ. ಒಲೆಯ ಮೇಲಿನ ಗೂಡು, ಫ್ರಿಜ್ಜಿನ ನೆತ್ತಿ, ಬಿಸಿನೀರಿನ ಹಬೆಯಾಡುವ ಬಚ್ಚಲಿನ ಕಪಾಟು, ಈ ಮೂರೂ ಔಷಧಿಗೆ ತಕ್ಕ ಜಾಗವಲ್ಲ. ಮಲಗುವ ಕೋಣೆಯ ಒಳಗೋಡೆಗೆ ಒರಗಿದ ಬೀರು ಉತ್ತಮ.

ಇನ್ಸುಲಿನ್ ಬಳಸುವ ಮನೆಗಳಲ್ಲಿ ಇನ್ನಷ್ಟು ಎಚ್ಚರ ಬೇಕು. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಫ್ರಿಜ್ಜಿನ ನಡುವಿನ ಹಲಗೆಯ ಮೇಲಿರಲಿ. ಪದೇ ಪದೇ ತೆರೆಯುವ ಬಾಗಿಲಲ್ಲಿ ಬೇಡ, ಫ್ರೀಜರಿಗೆ ತಾಗಿಯಂತೂ ಬೇಡವೇ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆ ಕಂಡರೂ ಬಳಸಬಾರದು. ಬಳಕೆಯಲ್ಲಿರುವ ಬಾಟಲಿಯನ್ನು ಎಷ್ಟು ದಿನ, ಎಷ್ಟು ಡಿಗ್ರಿಯೊಳಗೆ ಹೊರಗಿಡಬಹುದು ಎಂಬುದು ತಯಾರಿಕೆಯಿಂದ ತಯಾರಿಕೆಗೆ ಬದಲಾಗುತ್ತದೆ. ಡಬ್ಬಿಯೊಳಗಿನ ಚೀಟಿಯನ್ನು ಓದಿ, ತೆರೆದ ದಿನಾಂಕವನ್ನು ಬಾಟಲಿಯ ಮೇಲೆಯೇ ಪೆನ್ನಿನಿಂದ ಬರೆದಿಡಿ, ಮಿಕ್ಕಿದ್ದನ್ನು ನಿಮ್ಮ ವೈದ್ಯರನ್ನು ಕೇಳಿ.